ಹದಿನಾರರಿಂದ ಭಾಗಿಸಿ ನೋಡಿ

ರಾಯಚೂರು ಬಿಟ್ಟ ರೈಲು ಕೃಷ್ಣೆಯ ಮೇಲೆ ಗಡಗಡಿಸಿ ಆಚೆ ದಡ ಮುಟ್ಟಿತೆಂದರೆ ತೆಲಂಗಾಣ. ನದಿಯ ಹೆಸರೇ ಊರಿಗೂ ಸ್ಟೇಷನ್ನಿಗೂ. ರಾಜ್ಯ ಬದಲಾದರೂ ಪ್ಲಾಟ್‌ಫಾರ್ಮಿನ ಮಾತು ಬದಲಾಗಿರಲಿಲ್ಲ. "ಎಲ್ಲಿಗ್ ಹೊಂಟೀರಿ?" ಎಂದು ಪಕ್ಕದ ಅಜ್ಜ ಕೇಳಿದ್ದು ಕನ್ನಡದಲ್ಲೇ. ಬಿ.ಇಡಿ. ಕಾಲೇಜು ನೋಡೋಕೆ ಎಂದೆ. "ಈ ವಯಸ್ಸಿನಾಗ?" ಎಂದು ನಕ್ಕರು. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿ.ಮೀ. ಹೊಸ ಹಳಿ ಉದ್ಘಾಟನೆಯಾದ ಮೇಲೆ ಮಕ್ತಲ್‌ಗೆ ಹೀಗೆ ರೈಲಿನಲ್ಲೇ ಹೋಗಬಹುದು.

ನಾನು ನೋಡಲು ಹೊರಟದ್ದು ಪಾಠವನ್ನಲ್ಲ, ಲೆಕ್ಕವನ್ನು. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ, ಅಂದರೆ ಎನ್‌ಸಿಟಿಇ, 2014ರ ನಿಯಮಗಳಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಕಾಲೇಜು ತನ್ನ ಸೀಟು, ಸೇರಿದ ಮಕ್ಕಳ ಹೆಸರು, ಅಧ್ಯಾಪಕರ ಹೆಸರು, ವೇತನ ಶ್ರೇಣಿ, ಫೋಟೊ, ಆಡಿಟ್ ಆದ ವಾರ್ಷಿಕ ಲೆಕ್ಕ ಎಲ್ಲವನ್ನೂ ತನ್ನ ವೆಬ್‌ಸೈಟಿನಲ್ಲಿ ತೋರಿಸಬೇಕು. ತೋರಿಸುತ್ತಾರೆ. ಓದುವವರು ಯಾರೂ ಇಲ್ಲ, ಅಷ್ಟೇ.

ಹೆಸರು ಬರೆಯುವುದು ಬೇಡವಾದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ಪ್ರವೇಶ ರಿಜಿಸ್ಟರ್ ತೆರೆದರು. ಕೆಂಪು ಬಟ್ಟೆಯ ರಟ್ಟು, ಬೆರಳು ಮುಟ್ಟಿ ಮುಟ್ಟಿ ಕಪ್ಪಾದ ಅಂಚು. ಹೆಸರಿನ ಮುಂದೆ ಪ್ರವೇಶ ಪರೀಕ್ಷೆಯಾದ ಎಡ್‌ಸೆಟ್ ರ್‍ಯಾಂಕು, ಜಾತಿ ವರ್ಗ, ಆಮೇಲೆ ಸರ್ಕಾರ ಹಂಚುವ ಕನ್ವೀನರ್ ಸೀಟೋ ಕಾಲೇಜೇ ತುಂಬುವ ಮ್ಯಾನೇಜ್‌ಮೆಂಟ್ ಸೀಟೋ ಎಂಬ ಗುರುತು. ಹೆಸರುಗಳಲ್ಲಿ ಹೆಣ್ಣುಮಕ್ಕಳದೇ ಮೇಲುಗೈ. ಕೊನೆಯ ಪುಟಗಳಲ್ಲಿ ಕ್ರಮಸಂಖ್ಯೆ ಬರೆದಿಟ್ಟು ಹೆಸರಿಲ್ಲದೆ ಬಿಟ್ಟ ಸಾಲುಗಳಿದ್ದವು. ಗುಮಾಸ್ತರು ಆ ಪುಟವನ್ನು ಸ್ವಲ್ಪ ಬೇಗ ಮಗುಚಿದರು.

ಆ ಖಾಲಿ ಸಾಲುಗಳೇ ಇಡೀ ಕಥೆ. ವರ್ಷಕ್ಕೆ 50 ಸೀಟು ಒಂದು ಯೂನಿಟ್. ಎರಡು ಯೂನಿಟ್ ಇದ್ದರೆ ವರ್ಷಕ್ಕೆ 100. ಕೋರ್ಸು ಎರಡು ವರ್ಷದ್ದು, ಒಟ್ಟು 200 ಮಂದಿ. ಅವರಿಗೆ 16 ಜನ ಪೂರ್ಣಾವಧಿ ಅಧ್ಯಾಪಕರು ಬೇಕು. ಯೂನಿಟ್‌ಗೆ 5 ಲಕ್ಷದ ದತ್ತಿ ನಿಧಿ, 7 ಲಕ್ಷದ ಮೀಸಲು ನಿಧಿ ಬ್ಯಾಂಕಿನಲ್ಲಿ ಠೇವಣಿ ಇರಬೇಕು. ಈಗ ನೂರರಲ್ಲಿ ನಲವತ್ತೇ ಸೀಟು ತುಂಬಿತು ಎಂದುಕೊಳ್ಳಿ. ಆದಾಯ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮಂಜೂರಾತಿ ನೂರು ಸೀಟಿಗೇ ಇರುವುದರಿಂದ ಹದಿನಾರು ಮಂದಿ ಹದಿನಾರೇ. ಆಗ ಆಡಳಿತ ಮಂಡಳಿಯ ಕತ್ತರಿ ಮೊದಲು ಬೀಳುವುದು ಸಂಬಳದ ಮೇಲೆ.

ತುಂಬಿದ ಸೀಟಿನ ಹಣವೂ ಕೈಗೆ ಬರುತ್ತದೆಂಬ ಭರವಸೆಯಿಲ್ಲ. ಕನ್ವೀನರ್ ಸೀಟಿನಲ್ಲಿ ಬಂದ ಬಡ ಮಕ್ಕಳ ಶುಲ್ಕವನ್ನು ಸರ್ಕಾರ ಮರುಪಾವತಿ ಮಾಡುತ್ತದೆ, ತನಗೆ ತೋಚಿದಾಗ. 2025ರ ನವೆಂಬರಿನಲ್ಲಿ ತೆಲಂಗಾಣದ ಖಾಸಗಿ ವೃತ್ತಿಪರ ಕಾಲೇಜುಗಳು ಈ ಬಾಕಿಗಾಗಿಯೇ ಬಾಗಿಲು ಹಾಕಿ ಕುಳಿತವು. ಹಾಗಾಗಿ ಆಯವ್ಯಯ ಪಟ್ಟಿಯಲ್ಲಿ ಉಳಿತಾಯ ಕಂಡ ಕಾಲೇಜಿನ ಗಲ್ಲಾಪೆಟ್ಟಿಗೆ ಖಾಲಿ ಇರಬಹುದು. ಬರಬೇಕಾದ ಹಣವನ್ನೂ ಆದಾಯವೆಂದೇ ಬರೆದಿರುತ್ತಾರೆ. ನಿಜ ತಿಳಿಯಬೇಕಾದರೆ ಸ್ವೀಕೃತಿ–ಪಾವತಿ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಅಲ್ಲಿಂದ ಬಸ್ಸಿನಲ್ಲಿ ನಾರಾಯಣಪೇಟೆಗೆ. 2019ರ ಫೆಬ್ರುವರಿಯಲ್ಲಿ ಜಿಲ್ಲಾ ಕೇಂದ್ರವಾದ ಈ ಊರಿನ ಸೀರೆಯ ಅಂಚು ನಮ್ಮ ಕಡೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಸೀಟು ತುಂಬುವುದು ಬಿಡುವುದು ಡಿಎಸ್‌ಸಿ ಕೈಯಲ್ಲಿದೆ, ಅಂದರೆ ಶಿಕ್ಷಕರ ನೇಮಕಾತಿ. 2017ರಲ್ಲಿ 8,792 ಹುದ್ದೆಗೆ ಅರ್ಜಿ ಕರೆದರು. ಮತ್ತೆ ನೇಮಕಾತಿ ಮುಗಿಸಿದ್ದು 2024ರಲ್ಲಿ, 11,062 ಹುದ್ದೆಗೆ. ಅದರಲ್ಲಿ 6,508 ಪ್ರಾಥಮಿಕ ಶಾಲೆಯ ಸೆಕೆಂಡರಿ ಗ್ರೇಡ್ ಹುದ್ದೆಗಳು. ಬಿ.ಇಡಿ. ಮಾತ್ರ ಇದ್ದವರು ಪ್ರಾಥಮಿಕ ತರಗತಿಗೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. ಬಿ.ಇಡಿ.ಯವರಿಗೆ ಮುಖ್ಯವಾಗಿ ಉಳಿದದ್ದು 2,629 ಸ್ಕೂಲ್ ಅಸಿಸ್ಟೆಂಟ್ ಹುದ್ದೆ. ಇಡೀ ರಾಜ್ಯಕ್ಕೆ ಅಷ್ಟು! ಸಾಲದ್ದಕ್ಕೆ 2020ರ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಯೇ ಶಿಕ್ಷಕರ ಕನಿಷ್ಠ ಪದವಿ ಎನ್ನುತ್ತದೆ. ಬಿ.ಇಡಿ. ಒಂದನ್ನೇ ನಂಬಿದ ಸಣ್ಣ ಕಾಲೇಜುಗಳ ಎದೆ ಡವಗುಟ್ಟದೆ ಇರುತ್ತದೆಯೇ?

ಗದ್ವಾಲ್ ತಲುಪಿದಾಗ ಸಂಜೆ. ಹಿಂದಿನ ದೊರೆ ಸೋಮನಾದ್ರಿಯ ಕೋಟೆಯ ಬಾಗಿಲಲ್ಲಿ ಹುಡುಗಿಯರು ಪುಸ್ತಕ ಹಿಡಿದು ಹೊರಬರುತ್ತಿದ್ದರು. ಕೋಟೆಯೊಳಗೇ ಸರ್ಕಾರಿ ಪದವಿ ಕಾಲೇಜು, ಮಹಾರಾಣಿ ಆದಿಲಕ್ಷ್ಮೀ ದೇವಮ್ಮನ ಹೆಸರಿನದು. 1956ರವರೆಗೆ ಗದ್ವಾಲ್, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ವಿಂಗಡಣೆಯಲ್ಲಿ ಮಹಬೂಬನಗರಕ್ಕೆ ಹೋದವು, ಕನ್ನಡ ಮನೆಗಳು ಇದ್ದಲ್ಲೇ ಉಳಿದವು. ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ತೆಲಂಗಾಣದ ಶಿಕ್ಷಕರ ಅರ್ಹತಾ ಪರೀಕ್ಷೆ ಟೆಟ್‌ನಲ್ಲಿ ಮೊದಲ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಆದರೆ ಸೇರಿದ ಮಕ್ಕಳ ಬಗ್ಗೆ ಎನ್‌ಸಿಟಿಇ ಕೇಳುವುದು ಹೆಸರು, ವಿದ್ಯಾರ್ಹತೆ, ಅಂಕ, ಸೇರಿದ ದಿನ. ಯಾವ ಮಾಧ್ಯಮದಲ್ಲಿ ಓದಿ ಬಂದರು ಎಂಬ ಅಂಕಣವಿಲ್ಲ. ಈ ಗಡಿಯ ಕನ್ನಡ ಶಾಲೆಗೆ ನಾಳೆ ಮೇಷ್ಟ್ರಾಗಬಲ್ಲವರು ಎಷ್ಟು ಮಂದಿ ತಯಾರಾಗುತ್ತಿದ್ದಾರೆಂದು ಯಾವ ರಿಜಿಸ್ಟರೂ ಹೇಳುವುದಿಲ್ಲ.

ರಾಯಚೂರಿನ ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಒಂದೆರಡು ಕಾಲೇಜುಗಳ ಲೆಕ್ಕಪತ್ರ ತೆರೆದೆ. ಇಂಥ ಬಿಡಿ ಕಾಲೇಜುಗಳಲ್ಲಿ ಬಹುಪಾಲು ದುಡ್ಡಿಗೆ ಪದವಿ ಮಾರುತ್ತಿವೆ ಎಂದು 2020ರ ಶಿಕ್ಷಣ ನೀತಿ ಶಿಕ್ಷಕರ ಶಿಕ್ಷಣವನ್ನು ಪರಿಶೀಲಿಸಿದ ನ್ಯಾಯಮೂರ್ತಿ ವರ್ಮಾ ಆಯೋಗದ ಆಧಾರದ ಮೇಲೆ ಕಟುವಾಗಿಯೇ ಬರೆದಿದೆ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಯಾವುದು ಅಂಥದು, ಯಾವುದು ಅಲ್ಲ ಎಂದು ಪತ್ತೆಹಚ್ಚಲು ಆಯೋಗವೇ ಬೇಕಿಲ್ಲ.

ಮಗನನ್ನೋ ಮಗಳನ್ನೋ ಈ ವರ್ಷ ಬಿ.ಇಡಿ.ಗೆ ಸೇರಿಸುವವರು ಫೀಸು ಕಟ್ಟುವ ಮೊದಲು ಕಾಲೇಜಿನ ಆಯವ್ಯಯ ಪಟ್ಟಿ ತೆಗೆಯಿರಿ. 'ಸಂಬಳ' ಎಂಬ ಸಾಲಿನ ಮೊತ್ತವನ್ನು ಅಧ್ಯಾಪಕರ ಪಟ್ಟಿಯಲ್ಲಿರುವ ಹೆಸರುಗಳ ಸಂಖ್ಯೆಯಿಂದ, ನೂರು ಸೀಟಿನ ಕಾಲೇಜಾದರೆ ಹದಿನಾರರಿಂದ, ಭಾಗಿಸಿ. ಬಂದದ್ದನ್ನು ಹನ್ನೆರಡರಿಂದ ಮತ್ತೊಮ್ಮೆ ಭಾಗಿಸಿ. ಆ ತಿಂಗಳ ಪಗಾರಕ್ಕೆ ಮನುಷ್ಯರೊಬ್ಬರು ದಿನವೂ ಬಂದು ಪಾಠ ಮಾಡುತ್ತಾರೆಯೇ ಎಂದು ನೀವೇ ಕೇಳಿಕೊಳ್ಳಿ.