ಬೀರುವಿನ ಆಚೆಗಿನ ಲೋಕ: ನಾರ್ನಿಯಾವನ್ನು ಓದಿದವರು ಏನನ್ನುತ್ತಾರೆ?

ಮಕ್ಕಳ ಕೈಯಲ್ಲಿ ಹೊಸ ಪುಸ್ತಕವೊಂದನ್ನು ಕಂಡಾಗ ಹಿರಿಯರು ಅದನ್ನೊಮ್ಮೆ ತಿರುವಿ ನೋಡುವುದು ನಮ್ಮ ಮನೆಗಳಲ್ಲಿ ನಡೆದು ಬಂದ ರೂಢಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವವರು. ಅವರು ಶಾಲೆಯ ಗ್ರಂಥಾಲಯದಿಂದ ಹೊತ್ತು ತರುವ ಕಥೆಪುಸ್ತಕಗಳ ನಡುವೆ ಸಿ.ಎಸ್. ಲೂಯಿಸ್ ಅವರ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಒಂದಲ್ಲ ಒಂದು ದಿನ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಸಿಂಹ, ಮಾಟಗಾತಿ ಮತ್ತು ಬಟ್ಟೆಯ ಬೀರು ಎಂಬ ಅರ್ಥದ ಆ ಹೆಸರನ್ನು ಓದಿದ ತಂದೆತಾಯಿಗಳು, ಅದರ ಕುರಿತು ಅವರಿವರು ಆಡಿದ ಮಾತುಗಳನ್ನೂ ಕೇಳಿರುತ್ತಾರೆ. ಅದು ಅಪೂರ್ವ ಕಲ್ಪನೆಯ ಕಥೆ ಎಂದು ಕೆಲವರು. ಅದೊಂದು ಮರೆಮಾಚಿದ ಮತಬೋಧೆ ಎಂದು ಇನ್ನು ಕೆಲವರು. ಹಾಗಿದ್ದರೆ ಮಗುವಿಗೆ ಅದನ್ನು ಓದಗೊಡಬೇಕೇ, ಬೇಡವೇ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಕಳೆದ ಮುಕ್ಕಾಲು ಶತಮಾನದಲ್ಲಿ ಓದುಗರು ಈ ಕೃತಿಯನ್ನು ಹೇಗೆ ಕಂಡರು ಎಂಬುದನ್ನು ಅರಿಯುವುದು ಉಪಯುಕ್ತ.

ಕಥೆಯ ಹಂದರ

ಎರಡನೆಯ ಮಹಾಯುದ್ಧದ ಕಾಲ. ವೈಮಾನಿಕ ದಾಳಿಯಿಂದ ಪಾರು ಮಾಡಲು ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ನಾಲ್ವರು ಒಡಹುಟ್ಟಿದವರನ್ನು ಲಂಡನ್ನಿನಿಂದ ಹಳ್ಳಿಗಾಡಿನ ವೃದ್ಧ ಪ್ರಾಧ್ಯಾಪಕರೊಬ್ಬರ ಮನೆಗೆ ಕಳುಹಿಸಲಾಗುತ್ತದೆ. ಇದು ಕಲ್ಪನೆಯಲ್ಲ. 1939ರ ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿಯೇ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು, ಅವರಲ್ಲಿ ಹೆಚ್ಚಿನವರು ಮಕ್ಕಳು, ಹೀಗೆ ಸ್ಥಳಾಂತರಿಸಲಾಯಿತು. ಆಕ್ಸ್‌ಫರ್ಡಿನ ಹೊರವಲಯದಲ್ಲಿದ್ದ ಲೂಯಿಸ್ ಅವರ ಮನೆಯೂ ಅಂತಹ ಮಕ್ಕಳಿಗೆ ಆಶ್ರಯ ನೀಡಿತ್ತು.

ಮಳೆ ಸುರಿಯುವ ಒಂದು ದಿನ ಕಿರಿಯವಳಾದ ಲೂಸಿ ಬಟ್ಟೆಯ ಬೀರುವೊಂದರೊಳಗೆ ಹೊಕ್ಕು, ತೂಗುಹಾಕಿದ ತುಪ್ಪಳದ ಕೋಟುಗಳನ್ನು ಸರಿಸುತ್ತ ಸಾಗಿದಂತೆ ಕಾಲಡಿಯಲ್ಲಿ ಮರದ ಹಲಗೆಯ ಬದಲು ಹಿಮ ಸಿಗುತ್ತದೆ. ಅದೇ ನಾರ್ನಿಯಾ. ಅಲ್ಲಿ ಬಿಳಿಯ ಮಾಟಗಾತಿಯೊಬ್ಬಳು ನಾಡನ್ನು ಮುಗಿಯದ ಚಳಿಗಾಲದಲ್ಲಿ ಬಂಧಿಸಿಟ್ಟಿದ್ದಾಳೆ. ಅವಳ ಆಮಿಷಕ್ಕೆ ಬಲಿಯಾಗಿ ಎಡ್ಮಂಡ್ ತನ್ನವರಿಗೇ ದ್ರೋಹ ಬಗೆಯುತ್ತಾನೆ. ಅಸ್ಲಾನ್ ಎಂಬ ಸಿಂಹ ಅವನಿಗಾಗಿ ತನ್ನ ಪ್ರಾಣವನ್ನೇ ಒಪ್ಪಿಸಿ, ಮತ್ತೆ ಜೀವಂತವಾಗಿ ಎದ್ದು ಬರುತ್ತದೆ. ಮಕ್ಕಳು ನಾರ್ನಿಯಾದ ಅರಸರಾಗಿ ವರ್ಷಗಟ್ಟಲೆ ಆಳಿ, ಬೆಳೆದು ದೊಡ್ಡವರಾಗಿ, ಕೊನೆಗೊಂದು ದಿನ ಬೀರುವಿನಿಂದ ಹೊರಬಿದ್ದಾಗ ಇಲ್ಲಿ ಹೊತ್ತು ಸರಿದೇ ಇರುವುದಿಲ್ಲ. ಅವರು ಮತ್ತೆ ಮಕ್ಕಳೇ.

ಈ ಕಾಲದ ಚಮತ್ಕಾರ ನಮ್ಮ ಮನೆಯ ಅಜ್ಜ ಅಜ್ಜಿಯರಿಗೆ ಹೊಸದಾಗಿ ತೋರಲಾರದು. ಐಂದ್ರಜಾಲಿಕನೊಬ್ಬನು ನವಿಲುಗರಿ ಬೀಸಿದ ಕ್ಷಣದಲ್ಲಿ ಇನ್ನೊಂದು ನಾಡಿನಲ್ಲಿ ದಶಕಗಳ ಬಾಳನ್ನೇ ಬಾಳಿ, ಕಣ್ತೆರೆದಾಗ ತನ್ನ ಸಭೆಯಲ್ಲಿಯೇ ಇದ್ದ ಲವಣರಾಜನ ಕಥೆ ಯೋಗವಾಸಿಷ್ಠದಲ್ಲಿ ಬರುತ್ತದೆ. ಎರಡಕ್ಕೂ ನೇರ ಸಂಬಂಧವಿದೆಯೆಂದು ಹೇಳುವಂತಿಲ್ಲ. ಆದರೆ ನಮ್ಮ ಮಗು ನಾರ್ನಿಯಾದ ಬಗ್ಗೆ ಮಾತು ತೆಗೆದಾಗ ಹಿರಿಯರ ಬಳಿ ಹೇಳಲು ಒಂದು ಕಥೆಯಿದೆ ಎಂಬುದು ಸಣ್ಣ ಮಾತಲ್ಲ.

ಮೊದಲ ಓದುಗರು

ಈ ಕೃತಿಗೆ ದೊರೆತ ಮೊದಲ ಅಭಿಪ್ರಾಯಗಳಲ್ಲೊಂದು ಪ್ರತಿಕೂಲವಾಗಿಯೇ ಇತ್ತು. ಲೂಯಿಸ್ ಅವರ ಆಪ್ತಮಿತ್ರರೂ ಸಹೋದ್ಯೋಗಿಯೂ ಆಗಿದ್ದ ಜೆ.ಆರ್.ಆರ್. ಟೋಲ್ಕಿನ್ ಅವರಿಗೆ ಇದು ಹಿಡಿಸಲಿಲ್ಲ. ತಮ್ಮ ಕಲ್ಪಿತ ಲೋಕಕ್ಕೆ ಭಾಷೆ, ಇತಿಹಾಸ, ವಂಶಾವಳಿಗಳನ್ನೆಲ್ಲ ಕಟ್ಟಿಕೊಟ್ಟ ಟೋಲ್ಕಿನ್ ಅವರಿಗೆ ರೋಮನ್ ಪುರಾಣದ ಆಡುಗಾಲಿನ ಫಾನ್, ಉತ್ತರ ಯುರೋಪಿನ ಕುಬ್ಜರು, ಕ್ರಿಸ್ಮಸ್ ತಾತ ಇವರೆಲ್ಲರನ್ನೂ ಒಂದೇ ನಾಡಿನಲ್ಲಿ ಬೆರೆಸಿದ್ದು ಸರಿಬೀಳಲಿಲ್ಲವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಹಸ್ತಪ್ರತಿಯನ್ನು ಓದಿದ ಮತ್ತೊಬ್ಬ ಸ್ನೇಹಿತ ರೋಜರ್ ಲ್ಯಾನ್ಸ್‌ಲಿನ್ ಗ್ರೀನ್ ಅವರು ಮಾತ್ರ ಕಥೆಯನ್ನು ಮೆಚ್ಚಿ ಲೇಖಕರನ್ನು ಹುರಿದುಂಬಿಸಿದರು. ಆದರೂ ಕ್ರಿಸ್ಮಸ್ ತಾತನನ್ನು ಕೈಬಿಡುವಂತೆ ಅವರೂ ಸಲಹೆ ಮಾಡಿದ್ದುಂಟು. ಲೂಯಿಸ್ ಕೈಬಿಡಲಿಲ್ಲ.

1950ರ ಅಕ್ಟೋಬರಿನಲ್ಲಿ ಪುಸ್ತಕ ಹೊರಬಂದಾಗ ಅದನ್ನು ಕೈಗೆತ್ತಿಕೊಂಡ ಇಂಗ್ಲೆಂಡಿನ ಮಕ್ಕಳ ಸ್ಥಿತಿಯನ್ನು ನೆನೆಯಬೇಕು. ಮಾಟಗಾತಿ ಎಡ್ಮಂಡನನ್ನು ಒಲಿಸಿಕೊಳ್ಳುವುದು ಟರ್ಕಿಷ್ ಡಿಲೈಟ್ ಎಂಬ ಸಿಹಿತಿನಿಸಿನಿಂದ. ಪಿಷ್ಟ ಮತ್ತು ಸಕ್ಕರೆ ಪಾಕದಿಂದ ತಯಾರಾಗುವ ಇದು ನಮ್ಮ ಮುಂಬಯಿಯ ಅಂಗಡಿಗಳಲ್ಲಿ ದೊರೆಯುವ ಕರಾಚಿ ಹಲ್ವಾದ ದೂರದ ಬಂಧು ಎನ್ನಬಹುದು. ಒಂದು ಡಬ್ಬಿ ಸಿಹಿಗಾಗಿ ಒಡಹುಟ್ಟಿದವರನ್ನೇ ಬಿಟ್ಟುಕೊಡುವುದುಂಟೇ ಎಂದು ಇಂದಿನ ಮಗು ಕೇಳಬಹುದು. ಆದರೆ ಬ್ರಿಟನ್ನಿನಲ್ಲಿ 1942ರಲ್ಲಿ ಆರಂಭವಾದ ಸಿಹಿತಿನಿಸುಗಳ ಪಡಿತರ, 1949ರ ಕೆಲವು ತಿಂಗಳುಗಳನ್ನು ಬಿಟ್ಟರೆ, 1953ರ ಫೆಬ್ರುವರಿವರೆಗೂ ಮುಂದುವರಿದಿತ್ತು. ಪಡಿತರ ಚೀಟಿ ಹಿಡಿದು ಮಿಠಾಯಿಗೆ ಸಾಲು ನಿಂತ ಮಕ್ಕಳಿಗೆ ಎಡ್ಮಂಡನ ದೌರ್ಬಲ್ಯವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

1956ರ ಹೊತ್ತಿಗೆ ಮಾಲೆಯ ಏಳೂ ಪುಸ್ತಕಗಳು ಪ್ರಕಟಗೊಂಡವು. ಕೊನೆಯ ಸಂಪುಟ 'ದಿ ಲಾಸ್ಟ್ ಬ್ಯಾಟಲ್' ಬ್ರಿಟನ್ನಿನ ಮಕ್ಕಳ ಸಾಹಿತ್ಯದ ಪ್ರತಿಷ್ಠಿತ ಕಾರ್ನೆಗಿ ಪದಕವನ್ನು ಪಡೆಯಿತು.

ಮತಬೋಧೆಯೇ, ಕಥೆಯೇ?

ಅಸ್ಲಾನನ ಬಲಿದಾನ ಮತ್ತು ಪುನರುತ್ಥಾನದಲ್ಲಿ ಏಸುಕ್ರಿಸ್ತನ ಕಥೆಯ ಛಾಯೆಯಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಲೂಯಿಸ್ ಅದನ್ನು ಎಂದೂ ಮುಚ್ಚಿಡಲಿಲ್ಲ. ಆದರೆ ಇದು ಒಂದೊಂದು ಪಾತ್ರಕ್ಕೂ ಒಂದೊಂದು ಅರ್ಥ ಹೊಂದಿಸಿದ ಅನ್ಯೋಕ್ತಿಯಲ್ಲ ಎಂದೂ ಅವರು ಸ್ಪಷ್ಟಪಡಿಸಿದ್ದರು. ನಾರ್ನಿಯಾದಂತಹ ಲೋಕವೊಂದು ನಿಜವಾಗಿ ಇದ್ದು, ದೇವಪುತ್ರನು ಅಲ್ಲಿ ಅವತರಿಸಿದ್ದರೆ ಏನಾಗುತ್ತಿತ್ತು ಎಂಬ ಊಹೆಯೇ ಈ ಕಥೆ ಎಂಬುದು ಅವರ ನಿಲುವು. ಕಥೆ ಹುಟ್ಟಿದ್ದು ಧರ್ಮತತ್ತ್ವದಿಂದಲ್ಲ, ಚಿತ್ರಗಳಿಂದ ಎಂದೂ ಅವರು ಬರೆದಿದ್ದಾರೆ. ಹಿಮ ಸುರಿವ ಕಾಡಿನಲ್ಲಿ ಕೊಡೆ ಹಿಡಿದು, ಪೊಟ್ಟಣಗಳನ್ನು ಹೊತ್ತು ನಡೆಯುವ ಫಾನ್‌ನ ಚಿತ್ರ ಅವರಿಗೆ ಹದಿನಾರರ ಹರೆಯದಲ್ಲೇ ಹೊಳೆದಿತ್ತು. ಸಿಂಹ ಬಂದು ಸೇರಿದ್ದು ಬಹಳ ತಡವಾಗಿ.

ಓದುಗರ ಅಭಿಪ್ರಾಯಗಳು ಇಲ್ಲಿಂದ ಕವಲೊಡೆಯುತ್ತವೆ. ಅಮೆರಿಕದ ತಾಯಿಯೊಬ್ಬರು 1955ರಲ್ಲಿ ಲೂಯಿಸ್ ಅವರಿಗೆ ಪತ್ರ ಬರೆದು, ತಾನು ಏಸುವಿಗಿಂತ ಅಸ್ಲಾನನನ್ನೇ ಹೆಚ್ಚು ಪ್ರೀತಿಸುತ್ತಿರುವೆನೇ ಎಂದು ತಮ್ಮ ಮಗ ಕಳವಳಗೊಂಡಿರುವುದನ್ನು ತಿಳಿಸಿದರು. ಮಗು ಹೆದರಬೇಕಾಗಿಲ್ಲ, ಅಸ್ಲಾನನಲ್ಲಿ ಅವನು ಮೆಚ್ಚಿದ ಗುಣಗಳೆಲ್ಲ ಏಸುವಿನವೇ ಎಂದು ಲೂಯಿಸ್ ಸಮಾಧಾನ ಹೇಳಿದರು. ಇದಕ್ಕೆ ವಿರುದ್ಧವಾದ ಅನುಭವ ಅಮೆರಿಕದ ವಿಮರ್ಶಕಿ ಲಾರಾ ಮಿಲ್ಲರ್ ಅವರದು. ಬಾಲ್ಯದಲ್ಲಿ ನಾರ್ನಿಯಾವನ್ನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ಅವರು, ಅದರ ಹಿಂದಿನ ಧಾರ್ಮಿಕ ಆಶಯ ತಿಳಿದಾಗ ಮೋಸಹೋದಂತೆ ನೊಂದು ಪುಸ್ತಕದಿಂದ ದೂರ ಸರಿದರು. ದೊಡ್ಡವರಾದ ಮೇಲೆ ಅದರ ದೋಷಗಳನ್ನು ಅರಿತೇ ಮರಳಿ ಓದಿ, 2008ರಲ್ಲಿ 'ದಿ ಮ್ಯಾಜಿಶಿಯನ್ಸ್ ಬುಕ್' ಎಂಬ ಗ್ರಂಥವನ್ನು ರಚಿಸಿದರು. ಒಬ್ಬಳೇ ಓದುಗಳು, ಒಂದೇ ಪುಸ್ತಕ, ಮೂರು ವಯಸ್ಸು, ಮೂರು ಅಭಿಪ್ರಾಯ.

ಆಕ್ಷೇಪಗಳು

ಅತ್ಯಂತ ಕಟುವಾದ ಟೀಕೆ ಬಂದದ್ದು ಲೇಖಕ ಫಿಲಿಪ್ ಪುಲ್ಮನ್ ಅವರಿಂದ. 1998ರಲ್ಲಿ 'ದಿ ಗಾರ್ಡಿಯನ್' ಪತ್ರಿಕೆಯಲ್ಲಿ ಅವರು ಬರೆದ ಲೇಖನ ಈ ಮಾಲೆಯ ಜೀವನದೃಷ್ಟಿಯನ್ನೇ ಖಂಡಿಸಿತು. ಅವರ ಆಕ್ಷೇಪಗಳಲ್ಲಿ ಮುಖ್ಯವಾದದ್ದು ಸೂಸನ್ನಳ ಗತಿ. ಕೊನೆಯ ಸಂಪುಟದಲ್ಲಿ ಉಳಿದವರೆಲ್ಲ ಅಸ್ಲಾನನ ನಾಡನ್ನು ಸೇರುತ್ತಾರೆ. ಸೂಸನ್ ಮಾತ್ರ ಅಲಂಕಾರ, ಔತಣಕೂಟಗಳ ಮೋಹಕ್ಕೆ ಬಿದ್ದು ನಾರ್ನಿಯಾವನ್ನು ಮರೆತಳೆಂಬ ಕಾರಣಕ್ಕೆ ಹೊರಗುಳಿಯುತ್ತಾಳೆ. ಹುಡುಗಿಯೊಬ್ಬಳು ಬೆಳೆದು ದೊಡ್ಡವಳಾಗುವುದೇ ಅಪರಾಧವೇ ಎಂಬುದು ಟೀಕಾಕಾರರ ಪ್ರಶ್ನೆ.

ಭಾರತೀಯ ಓದುಗರನ್ನು ತಟ್ಟುವ ಆಕ್ಷೇಪ ಇನ್ನೊಂದಿದೆ. 1954ರ 'ದಿ ಹಾರ್ಸ್ ಅಂಡ್ ಹಿಸ್ ಬಾಯ್' ಸಂಪುಟದಲ್ಲಿ ಬರುವ ಕಾಲೋರ್ಮೆನ್ ಎಂಬ ದಕ್ಷಿಣದ ಸಾಮ್ರಾಜ್ಯದ ಜನ ಕಪ್ಪು ಮೈಬಣ್ಣದವರು, ಮುಂಡಾಸು ಧರಿಸುವವರು, ಬಹುಮಟ್ಟಿಗೆ ಕ್ರೂರಿಗಳು. ಪೌರಸ್ತ್ಯರನ್ನು ಕುರಿತ ಪಾಶ್ಚಾತ್ಯರ ಹಳೆಯ ಪೂರ್ವಗ್ರಹ ಇಲ್ಲಿ ಎದ್ದು ಕಾಣುತ್ತದೆ. ಅದೇ ಪುಸ್ತಕದ ಧೀರೆ ಅರಾವಿಸ್ ಕಾಲೋರ್ಮೆನ್‌ನವಳೇ ಎಂಬುದೂ, ಕೊನೆಯ ಸಂಪುಟದಲ್ಲಿ ಎಮೆತ್ ಎಂಬ ಕಾಲೋರ್ಮೆನ್ ಯೋಧ ಬೇರೊಂದು ದೇವರನ್ನು ಪ್ರಾಮಾಣಿಕವಾಗಿ ಪೂಜಿಸಿದ್ದರೂ ಅಸ್ಲಾನನಿಂದ ಸ್ವೀಕೃತನಾಗುತ್ತಾನೆ ಎಂಬುದೂ ನಿಜ. ಆದರೆ ಒಬ್ಬಿಬ್ಬರು ಒಳ್ಳೆಯವರಿದ್ದ ಮಾತ್ರಕ್ಕೆ ಇಡೀ ಜನಾಂಗದ ಚಿತ್ರಣ ನ್ಯಾಯವಾಗುವುದಿಲ್ಲ. ಆಸ್ತಿಕರಾದ ಪೋಷಕರೂ ನಾಸ್ತಿಕರಾದ ಪೋಷಕರೂ ಮಗುವಿನೊಂದಿಗೆ ಕುಳಿತು ಮಾತನಾಡಬೇಕಾದ ಭಾಗ ಇದು.

ಹೀಗಿದ್ದೂ ಸಾಮಾನ್ಯ ಓದುಗರ ತೀರ್ಪು ಕುತೂಹಲಕರವಾಗಿದೆ. 2003ರಲ್ಲಿ ಬಿ.ಬಿ.ಸಿ. ನಡೆಸಿದ 'ದಿ ಬಿಗ್ ರೀಡ್' ಮತದಾನದಲ್ಲಿ ಬ್ರಿಟನ್ನಿನ ಓದುಗರು ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ಗೆ ಮೊದಲ ಸ್ಥಾನವನ್ನೂ, ಪುಲ್ಮನ್ ಅವರ 'ಹಿಸ್ ಡಾರ್ಕ್ ಮೆಟೀರಿಯಲ್ಸ್'ಗೆ ಮೂರನೆಯ ಸ್ಥಾನವನ್ನೂ, ಲೂಯಿಸ್ ಅವರ ಈ ಪುಸ್ತಕಕ್ಕೆ ಒಂಬತ್ತನೆಯ ಸ್ಥಾನವನ್ನೂ ನೀಡಿದರು. ಒಬ್ಬರನ್ನೊಬ್ಬರು ಒಪ್ಪದ ಮೂವರು ಲೇಖಕರಿಗೂ ಓದುಗರ ಮೊದಲ ಹತ್ತರ ಸಾಲಿನಲ್ಲಿ ಎಡೆ ದೊರೆಯಿತು! ಪುಲ್ಮನ್ ಅವರ ಆ ಮಾಲೆಯ ಆರಂಭದಲ್ಲಿಯೇ ಲೈರಾ ಎಂಬ ಬಾಲಕಿ ಬಟ್ಟೆಯ ಬೀರುವೊಂದರಲ್ಲಿ ಅಡಗಿ ಕುಳಿತುಕೊಳ್ಳುತ್ತಾಳೆ ಎಂಬುದು ಸ್ವಾರಸ್ಯಕರ ಸಂಗತಿ.

ಮಕ್ಕಳ ಮಾತಿಗೆ ಬೆಲೆ

ಟೀಕೆಗಳೇನೇ ಇರಲಿ, ಓದುಗ ಮಕ್ಕಳೊಂದಿಗೆ ಲೂಯಿಸ್ ನಡೆದುಕೊಂಡ ರೀತಿ ಅನುಕರಣೀಯ. ಮಕ್ಕಳು ಬರೆದ ಪತ್ರಗಳಿಗೆ ಅವರು ಶ್ರದ್ಧೆಯಿಂದ ಉತ್ತರಿಸುತ್ತಿದ್ದರು. ಆ ಉತ್ತರಗಳು 1985ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಗಿವೆ. ಮಾಲೆಯನ್ನು ಪ್ರಕಟಣೆಯ ಕ್ರಮದಲ್ಲಿ ಓದಬೇಕೋ ಅಥವಾ ಕಥೆಯ ಕಾಲಕ್ರಮದಲ್ಲಿ ಓದಬೇಕೋ ಎಂದು ತಾಯಿ ಮಗನ ನಡುವೆ ವಾದ ಬಂದಾಗ, 1957ರ ಪತ್ರದಲ್ಲಿ ಅವರು ಮಗನ ಪರವಾಗಿಯೇ ಒಲವು ತೋರಿ, ಕ್ರಮ ಯಾವುದಾದರೂ ಅಷ್ಟೇನೂ ವ್ಯತ್ಯಾಸವಾಗದು ಎಂದರು. ಸೂಸನ್ನಳ ಬಗ್ಗೆ ಕೇಳಿದ ಮಕ್ಕಳಿಗೂ ಅವರು ಸಿಟ್ಟಾಗಲಿಲ್ಲ. ಅವಳಿನ್ನೂ ಬದುಕಿದ್ದಾಳೆ, ತನ್ನದೇ ದಾರಿಯಲ್ಲಿ ಅವಳು ಆ ನಾಡನ್ನು ತಲುಪಬಹುದು ಎಂದು ಒಬ್ಬರಿಗೆ ತಿಳಿಸಿದರೆ, 1960ರಲ್ಲಿ ಮತ್ತೊಬ್ಬ ಓದುಗರಿಗೆ, ಅವಳ ಕಥೆಯನ್ನು ತಾನು ಬರೆಯಲಾರೆ, ನೀನೇ ಏಕೆ ಪ್ರಯತ್ನಿಸಬಾರದು ಎಂಬರ್ಥದಲ್ಲಿ ಬರೆದರು. ತನ್ನ ಕೃತಿಯ ಕೊರತೆಯನ್ನು ತೋರಿಸಿದ ಓದುಗರ ಕೈಗೇ ಲೇಖನಿಯನ್ನು ಒಪ್ಪಿಸುವ ಲೇಖಕರು ವಿರಳ.

ಕಥೆಯೊಳಗೂ ಇಂತಹದೇ ಪ್ರಸಂಗವಿದೆ. ಲೂಸಿ ತಾನು ಕಂಡ ಲೋಕದ ಬಗ್ಗೆ ಹೇಳಿದಾಗ ಅಣ್ಣ ಅಕ್ಕಂದಿರು ನಂಬುವುದಿಲ್ಲ. ಅವಳ ಬುದ್ಧಿ ಕೆಟ್ಟಿರಬೇಕೆಂದು ಕಳವಳಪಟ್ಟು ಪ್ರಾಧ್ಯಾಪಕರ ಬಳಿ ಹೋಗುತ್ತಾರೆ. ವೃದ್ಧರು ನಗುವುದಿಲ್ಲ. ಅವಳು ಸುಳ್ಳಾಡುವವಳೇ ಎಂದು ಕೇಳುತ್ತಾರೆ, ಅಲ್ಲ. ಅವಳಿಗೆ ಹುಚ್ಚು ಹಿಡಿದಿದೆಯೇ? ನೋಡಿದರೆ ಹಾಗೇನೂ ಕಾಣದು. ಹಾಗಾದರೆ ಬೇರೆ ಪುರಾವೆ ಸಿಗುವವರೆಗೆ ಅವಳು ಹೇಳಿದ್ದು ನಿಜವೆಂದೇ ತಿಳಿಯಬೇಕಲ್ಲವೇ ಎಂಬುದು ಅವರ ತರ್ಕ. ಮಗುವಿನ ಮಾತನ್ನು ಪೂರ್ತಿ ಕೇಳಿಸಿಕೊಂಡು ವಿಚಾರ ಮಾಡಿದ ಹಿರಿಯರು ಆ ಮನೆಯಲ್ಲಿ ಒಬ್ಬರಿದ್ದುದರಿಂದ ಲೂಸಿ ಒಂಟಿಯಾಗಲಿಲ್ಲ.

ನಮ್ಮ ಮಕ್ಕಳಿಗೆ ಈ ಪುಸ್ತಕ ಕೊಡಬಹುದೇ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಎಂಟು ಒಂಬತ್ತರ ಮಗು ಹಿಮ, ಸಿಂಹ, ಮಾತನಾಡುವ ಬೀವರ್‌ಗಳನ್ನು ಕಾಣುತ್ತದೆ. ಹದಿನೈದರ ಹರೆಯ ಅನ್ಯಾಯವನ್ನು ಗುರುತಿಸುತ್ತದೆ. ನಲವತ್ತರ ಓದುಗ ಅದರ ಹಿಂದಿನ ಧರ್ಮವನ್ನೂ ಕಾಲವನ್ನೂ ಅಳೆಯುತ್ತಾನೆ. ಇವುಗಳಲ್ಲಿ ಯಾವುದೂ ತಪ್ಪು ಓದಲ್ಲ. ನಲವತ್ತರ ಅಭಿಪ್ರಾಯವನ್ನು ಎಂಟರ ಮಗುವಿನ ಮೇಲೆ ಮೊದಲೇ ಹೇರಿ ಬೀರುವಿನ ಬಾಗಿಲನ್ನು ಮುಚ್ಚಿಬಿಡುವುದು ಮಾತ್ರ ತಪ್ಪು. ಓದಲಿ, ಓದಿದ ಮೇಲೆ ಕೇಳೋಣ. ಇಂಗ್ಲಿಷಿನಲ್ಲಿ ಓದಿದ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳು ಎಂದು ಕೇಳೋಣ. ಶಾಲೆಯಲ್ಲೊಂದು ಭಾಷೆ, ಬೀದಿಯಲ್ಲೊಂದು, ಮನೆಯಲ್ಲೊಂದು ಎಂದು ದಿನಕ್ಕೆ ಹಲವು ಲೋಕಗಳ ಬಾಗಿಲು ದಾಟುವ ನಮ್ಮ ಮಕ್ಕಳಿಗೆ ಒಂದು ಲೋಕದ ಸುದ್ದಿಯನ್ನು ಇನ್ನೊಂದಕ್ಕೆ ಹೊತ್ತು ತರುವುದು ಕಷ್ಟವೇನಲ್ಲ; ಕೇಳಿಸಿಕೊಳ್ಳುವವರು ಬೇಕು, ಅಷ್ಟೆ. ಸೂಸನ್ನಳಿಗೆ ಮುಂದೇನಾಯಿತು ಎಂದು ಮಗು ಕೇಳಿದರೆ, ಲೂಯಿಸ್ ಕೊಟ್ಟ ಉತ್ತರವನ್ನೇ ನಾವೂ ಕೊಟ್ಟು, ಒಂದು ನೋಟುಪುಸ್ತಕವನ್ನು ಮುಂದಿಡೋಣ.