ಮೊದಲ ಪ್ರತಿಯೇ ದುಬಾರಿ

ಯಾದಗಿರಿ, ಶಹಾಪುರ, ಸುರಪುರದ ಆಶಾ ಕಾರ್ಯಕರ್ತೆಯರು, ನರ್ಸ್‌ಗಳಿಗೆಂದೇ ಒಂದು ಮಾಸಪತ್ರಿಕೆ ತಂದರೆ ದುಡ್ಡು ಎಲ್ಲಿ ಹೋಗುತ್ತದೆ?

ಮೊದಲ ಪ್ರತಿಗೆ. ಆಫ್‌ಸೆಟ್ ಮುದ್ರಣದಲ್ಲಿ ಬಣ್ಣಕ್ಕೆ ನಾಲ್ಕು ಪ್ಲೇಟು ಬೇಕು, ಕಪ್ಪು ಬಿಳುಪಿಗೆ ಒಂದೇ ಸಾಕು. ನೂರು ಪ್ರತಿ ಹಾಕಿಸಿದರೂ ಸಾವಿರ ಹಾಕಿಸಿದರೂ ಪ್ಲೇಟಿನ ಖರ್ಚು ಅಷ್ಟೇ. ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಒಂದೇ ಪುಟ ಹೆಚ್ಚಾದರೂ 16 ಇದ್ದದ್ದು 20 ಆಗುತ್ತದೆ.

ಇನ್ನು ಹಂಚಿಕೆ. ಯಾದಗಿರಿಗೆ ರೈಲಿದೆ. ಭೀಮಾ ನದಿ ದಾಟಿದ ಮೇಲೆ ಶಹಾಪುರ, ಸುರಪುರಕ್ಕೆ ರಸ್ತೆಯೇ ಗತಿ. ಅಂಚೆಯಲ್ಲಿ ನೋಂದಾಯಿತ ಪತ್ರಿಕೆಗೆ ರಿಯಾಯಿತಿ ದರವೇನೋ ಉಂಟು, ಆದರೆ ಅದಕ್ಕೆ ನಿಜವಾದ ಚಂದಾದಾರರ ಪಟ್ಟಿ ಬೇಕು. ಸಿಬ್ಬಂದಿಗೆ ಪುಕ್ಕಟೆ ಹಂಚುವ ಪತ್ರಿಕೆಗೆ ಅದನ್ನು ತರುವುದೆಲ್ಲಿಂದ?

ಪಿಡಿಎಫ್ ಮಾಡಿ ಮೊಬೈಲಿಗೆ ಕಳಿಸಿದರೆ ಕಾಗದ, ಅಂಚೆ ಎರಡೂ ಉಳಿಯುತ್ತವೆ. ಬರೆಯುವವರ, ಕರಡು ತಿದ್ದುವವರ ಹೊತ್ತು ಉಳಿಯುವುದಿಲ್ಲ. ಡ್ಯೂಟಿ ಮುಗಿಸಿ ಬರೆಯಲು ಕೂರುವ ನರ್ಸ್‌ನ ಆ ಒಂದು ಗಂಟೆಯನ್ನೂ ಬಜೆಟ್ಟಿನಲ್ಲಿ ಹಿಡಿಯಲೇಬೇಕು.

ಹಾಗಿದ್ದೂ ಕಾಗದದ ಪ್ರತಿಯೇ ಏಕೆ? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕನಿಷ್ಠ. ಇಲ್ಲಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ ತಾಯಿ ಕಾರ್ಡಿನ ಪಕ್ಕ ಮಡಚಿಟ್ಟ ಒಂದು ಪ್ರತಿಯನ್ನು, ಕಟ್ಟೆಯ ಮೇಲೆ ಕೂತು, ಓದು ಬಾರದ ಬಾಣಂತಿಗೂ ಓದಿ ಹೇಳಬಹುದು.