ಎರಡು ತುಂಬಿದ ಕಂದನಿಗೆ ಮನೆಯಲ್ಲೇ ಹುಟ್ಟುಹಬ್ಬ

ಮಗುವಿಗೆ ಎರಡು ವರ್ಷ ತುಂಬ್ತಿದೆಯಾ? ಹಾಲ್ ಬುಕ್ ಮಾಡೋಕೆ ಮೊದಲು ಒಂದು ನಿಮಿಷ ಕೇಳಿ.

ಎಲ್ಲಕ್ಕಿಂತ ಮುಖ್ಯ ಸಮಯ. ಪುಟಾಣಿಗಳು ಮಧ್ಯಾಹ್ನ ಮಲಗಿ ಎದ್ದಮೇಲೆ ಗೆಲುವಾಗಿರ್ತಾರೆ. ಸಂಜೆ ನಾಲ್ಕೂವರೆಯಿಂದ ಆರು, ಅಷ್ಟು ಸಾಕು. ರಾತ್ರಿ ಎಂಟಕ್ಕೆ ಕೇಕ್ ಇಟ್ಟರೆ ಮಗು ನಿದ್ದೆಗಣ್ಣಲ್ಲಿ ಅಳುತ್ತೆ, ನೋಡೋಕಾಗಲ್ಲ. ನೆಂಟರಿಗೆ ಮೊದಲೇ ಹೇಳಿಬಿಡಿ.

ಅಡುಗೆ ಮನೆಯದ್ದೇ ಇರಲಿ. ಇಪ್ಪತ್ತು ಜನಕ್ಕೆ ಅರ್ಧ ಕೆಜಿ ರವೆಯ ಕೇಸರಿಬಾತ್, ಒಂದೂವರೆ ಕೆಜಿ ಅಕ್ಕಿಯ ಚಿತ್ರಾನ್ನ, ಜೊತೆಗೆ ಹೆಸರುಬೇಳೆ ಕೋಸಂಬರಿ. ಆದರೆ ಒಂದು ಎಚ್ಚರ: ಚಿತ್ರಾನ್ನದ ಕಡಲೆಕಾಯಿ ಬೀಜ ಪುಟ್ಟ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವರ ಪಾಲಿಗೆ ಬೀಜವಿಲ್ಲದ ಒಗ್ಗರಣೆ ಹಾಕಿ, ಬೇರೆ ತೆಗೆದಿಡಿ. ದ್ರಾಕ್ಷಿ ಕೊಡೋದಾದ್ರೆ ಉದ್ದಕ್ಕೆ ಸೀಳಿ, ನಾಲ್ಕು ಹೋಳು ಮಾಡಿ.

ರಬ್ಬರ್ ಬಲೂನ್ ನಾನಂತೂ ಬೇಡ ಅಂತೀನಿ. ಒಡೆದ ಚೂರು ಬಾಯಿಗೆ ಹೋದರೆ ಉಸಿರು ಕಟ್ಟುತ್ತೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಗೋಡೆಗೆ ಅಜ್ಜಿಯ ರೇಷ್ಮೆ ಸೀರೆ ಇಳಿಬಿಡಿ, ಮೇಲೊಂದು ಸೇವಂತಿಗೆ ಮಾಲೆ. ಫೋಟೊದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ!

ಆಟಕ್ಕೆ? ಎರಡು ದೊಡ್ಡ ರಟ್ಟಿನ ಪೆಟ್ಟಿಗೆ, ನಾಲ್ಕು ಸ್ಟೀಲ್ ಲೋಟ. ಮಕ್ಕಳು ಒಳಗೆ ತೂರಿ, ಹೊರಗೆ ಬಂದು, ಬಡಿದು ಕುಣಿದು ಸಂಭ್ರಮಿಸ್ತಾರೆ.

ಆಮೇಲೆ ಮಗುವನ್ನ ಮಣೆ ಮೇಲೆ ಕೂರಿಸಿ, ಆರತಿ ಎತ್ತಿ, ಹಿರಿಯರಿಂದ ಅಕ್ಷತೆ ಹಾಕಿಸಿ. ಬಟ್ಟಲಿಗೆ ತುಪ್ಪ ಸವರಿ, ಕೇಸರಿಬಾತ್ ಒತ್ತಿ ಮಗುಚಿದರೆ ಅದೇ ಕೇಕ್. ಬಿಸಿ ಆರಿದೆಯಾ ನೋಡಿ, ಮಗುವಿನ ಮುಂದಿಡಿ. ಎರಡೂ ಕೈ ಹಾಕಿ ತಿನ್ನಲಿ ಬಿಡಿ.